ಏಣಿಯೋ ಕಿಟಕಿಯೋ

ಬ್ಯಾಂಡಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ವಾದಕ್ಕೆ ಇಳಿಯುತ್ತೀರಿ. ನನಗೆ ಈಗಾಗಲೇ ಒಬ್ಬರು ಎದುರಾಳಿ ಇದ್ದಾರೆ, ಅವರೊಬ್ಬರೇ ಸಾಕು. ಇಂಗ್ಲೆಂಡಿನವರು, ಉದ್ದ ಕೂದಲಿನವರು, ಒಂದು ಹಾಡನ್ನು ಮೂರು ನಿಮಿಷದಲ್ಲಿ ಮುಗಿಸುವುದು ಮರ್ಯಾದೆಗೆ ಕಡಿಮೆಯೆಂದು ತಿಳಿದಿದ್ದವರು ಎಂದಷ್ಟೇ ಇಟ್ಟುಕೊಳ್ಳಿ. ಆ ಬಗೆಯ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಎನ್ನುತ್ತಾರೆ. ಪ್ರಗತಿ ಎಲ್ಲಿಗೆ ಎಂದು ನಮ್ಮ ಯಜಮಾನರು ಮದುವೆಯಾದ ಹೊಸದರಲ್ಲಿ ಕೇಳಿದ್ದರು. ಉತ್ತರ ಇನ್ನೂ ಕೊಟ್ಟಿಲ್ಲ.

ನಾನು ಯಲಹಂಕದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಹಳಗನ್ನಡ ಹೇಳಿಕೊಡುವ ಹೆಂಗಸು ಇಂಥದ್ದನ್ನು ಕೇಳುತ್ತಾಳೆಂದರೆ ಜನ ಸ್ವಲ್ಪ ಹಿಂದೆ ಸರಿದು ನೋಡುತ್ತಾರೆ. ನನಗೇನೋ ಎರಡರ ನಡುವೆ ಅಂಥ ದೂರ ಕಂಡಿಲ್ಲ. ನಮ್ಮ ಚಂಪೂ ಕವಿಗಳು ಕಥೆಯನ್ನು ನಡುದಾರಿಯಲ್ಲಿ ನಿಲ್ಲಿಸಿ, ಸಮುದ್ರ, ಬೆಟ್ಟ, ಚಂದ್ರೋದಯ, ಜಲಕ್ರೀಡೆ ಎಂದು ಹದಿನೆಂಟು ವರ್ಣನೆಗಳನ್ನೂ ಮುಗಿಸದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಈ ಬ್ಯಾಂಡಿನವರದೂ ಅದೇ ಪದ್ಧತಿ. ಗಿಟಾರಿನವನು ಬೆಟ್ಟ ಹತ್ತಿ ಇಳಿದು ಬರುವಷ್ಟರಲ್ಲಿ ಆರ್ಗನ್ನಿನವನು ಚಂದ್ರೋದಯ ಶುರುಮಾಡಿರುತ್ತಾನೆ. ಸಂಜಯನಗರದಿಂದ ಬಸ್ಸಿನಲ್ಲಿ ಓಡಾಡುವ ನನಗೆ ಇದರಿಂದ ಉಪಕಾರವೇ ಆಗಿದೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬಸ್ಸು ನಿಂತಾಗ ಅಕ್ಕಪಕ್ಕದವರು ಗಡಿಯಾರ ನೋಡಿಕೊಳ್ಳುತ್ತಾರೆ. ನಾನು ಹಾಡು ಮುಗಿಯುವ ಮೊದಲೇ ಬಸ್ಸು ಹೊರಟೀತೆಂದು ಹೆದರುತ್ತೇನೆ.

ಎದುರಾಳಿಯ ಹೆಸರು ಬಸವರಾಜ್ ಸರ್. ಗದಗದ ಕಡೆಯವರು, ನಮ್ಮಲ್ಲಿ ರಸಾಯನಶಾಸ್ತ್ರ ಹೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ಒಂದು ಮಧ್ಯಾಹ್ನ ನನ್ನ ಇಯರ್‌ಫೋನಿನಿಂದ ಸೋರುತ್ತಿದ್ದ ದನಿಯನ್ನು ಗುರುತು ಹಿಡಿದು, ಇದು ಆ ಬ್ಯಾಂಡಿನದಲ್ಲವೇ ಎಂದು ಕೇಳಿದಾಗ, ಕಾಡಿನಲ್ಲಿ ತಮ್ಮ ಊರಿನವರು ಸಿಕ್ಕಂತೆ ಇಬ್ಬರಿಗೂ ಆನಂದವಾಯಿತು. ಆ ಆನಂದ ಕಾಫಿ ಆರುವವರೆಗೂ ಉಳಿಯಲಿಲ್ಲ. ಬ್ಯಾಂಡಿನ ಅತ್ಯುತ್ತಮ ಆಲ್ಬಂ ಯಾವುದು ಎಂಬ ಪ್ರಶ್ನೆ ಬಂತು. ನಾನು ಏಣಿ ಎಂದೆ. ಅವರು ಕಿಟಕಿ ಎಂದರು.

ಇವು ನಾವಿಟ್ಟುಕೊಂಡ ಹೆಸರುಗಳು. ಒಂದರ ಹೊದಿಕೆಯ ಮೇಲೆ ಮರಳುಗಾಡಿನಲ್ಲಿ ಯಾವ ಆಸರೆಯೂ ಇಲ್ಲದೆ ನಿಂತ ಏಣಿಯ ಚಿತ್ರವಿದೆ. ರೆಕಾರ್ಡಿನ ಇಡೀ ಒಂದು ಬದಿಗೆ ಒಂದೇ ಹಾಡು. ಇನ್ನೊಂದರ ಮೇಲೆ ಮುಚ್ಚಿದ ಕಿಟಕಿ. ಒಳಗೆ ಅಚ್ಚುಕಟ್ಟಾದ ಚಿಕ್ಕ ಹಾಡುಗಳು. ಏಣಿ ಹತ್ತಿದವರು ಎಲ್ಲಿಗೂ ತಲುಪುವುದಿಲ್ಲ ಎಂಬುದು ಬಸವರಾಜ್ ಸರ್ ಅವರ ವಾದ. ತಲುಪಲೇಬೇಕೆಂದಿದ್ದರೆ ಬಸ್ಸು ಹಿಡಿಯಬಹುದಲ್ಲ ಎಂಬುದು ನನ್ನದು. ವರ್ಷಗಳು ಕಳೆದವು. ಪ್ರಿನ್ಸಿಪಾಲರು ಬದಲಾದರು, ಪಠ್ಯಕ್ರಮ ಬದಲಾಯಿತು, ನಾವಿಬ್ಬರೂ ಒಂದಿಂಚೂ ಕದಲಲಿಲ್ಲ.

ಈಚೆಗೆ ಅವರು ಇಯರ್‌ಫೋನಿನಲ್ಲಿ ಮತ್ತೆ ಕೇಳಿ ಹೊಸ ವಾದವೊಂದನ್ನು ತಂದಿದ್ದರು. ಏಣಿಯ ದೊಡ್ಡ ಹಾಡಿನ ನಡುಭಾಗ ಖಾಲಿ, ಅಲ್ಲಿ ಡ್ರಮ್ಮು ಟಕಟಕ ಎನ್ನುತ್ತದೆ, ಅಲ್ಲೊಂದು ಇಲ್ಲೊಂದು ಗಿಟಾರ್ ತಂತಿ ಮಿಡಿಯುತ್ತದೆ, ಅಷ್ಟೇ, ಎಂದು. ಇಡೀ ಹಾಡಿನಲ್ಲಿ ನನಗೆ ಮೈ ಜುಮ್ಮೆನ್ನುವ ಜಾಗವೇ ಅದು. ಸೋಲಬಾರದೆಂಬ ಹಟಕ್ಕೆ ಸುಳ್ಳು ಹೇಳುತ್ತಿದ್ದಾರೆಂದು ಭಾವಿಸಿದ್ದೆ.

ಆಮೇಲೊಂದು ಸೋಮವಾರ ಅವರು ಸಪ್ಪಗೆ ಬಂದು ಕೂತರು. ತಲೆ ಸುತ್ತುತ್ತದೆಂದು ಡಾಕ್ಟರ ಬಳಿ ಹೋಗಿದ್ದರಂತೆ. ಪರೀಕ್ಷೆ ಮಾಡಿ ನೋಡಿದರೆ ಬಲಗಿವಿ ಪೂರ್ತಿ ಹೋಗಿದೆ. ಹಲವು ವರ್ಷಗಳಿಂದ ನಿಧಾನವಾಗಿ ಮಂದವಾಗುತ್ತ ಬಂದಿತ್ತು. ಎಡಗಿವಿ ಚುರುಕಾಗಿದ್ದುದರಿಂದ ಇವರ ಗಮನಕ್ಕೆ ಬಂದಿರಲಿಲ್ಲ. ಇನ್ನು ಅದು ಮರಳುವುದಿಲ್ಲ, ಯಂತ್ರ ಹಾಕಿದರೂ ಪ್ರಯೋಜನವಿಲ್ಲ ಎಂದಿದ್ದರು ಡಾಕ್ಟರು. ಮನೆಯಲ್ಲಿ ಅವರ ಹೆಂಡತಿ ಗಿರಿಜಕ್ಕ ಎರಡು ದಿನ ಅತ್ತರಂತೆ. ಬಸವರಾಜ್ ಸರ್ ಇದನ್ನೆಲ್ಲ ಪಾಠ ಮಾಡುವಾಗಿನಷ್ಟೇ ಶಾಂತವಾಗಿ ಹೇಳಿದರು. ಕೈ ಮಾತ್ರ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿತ್ತು.

ಏನಾದರೂ ಸಮಾಧಾನ ಹೇಳಬೇಕಿತ್ತು, ಹೊಳೆದದ್ದು ಒಂದೇ. ಯೋಚಿಸಿ ನೋಡಿದರೆ ನಿಮ್ಮ ಮಾತೇ ಸರಿ ಸರ್, ಕಿಟಕಿಯೇ ಒಳ್ಳೆಯದು, ಎಂದುಬಿಟ್ಟೆ.

ಅವರ ಮುಖ ಕೆಂಪಾಯಿತು. ಅಷ್ಟು ವರ್ಷದಲ್ಲಿ ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಮೇಡಂ, ನನ್ನ ಕಿವಿ ಕೆಟ್ಟೈತಿ, ತಲಿ ಕೆಟ್ಟಿಲ್ರಿ" ಎಂದರು. "ಪಾಪ ಅಂತ ಸೋಲಬ್ಯಾಡ್ರಿ. ನಿಮಗ ಏಣಿ ಚಲೋ ಅನಸ್ತದಂದ್ರ ಅದನ್ನ ಹೇಳ್ರಿ. ವಾದ ಮಾಡ್ರಿ."

ಮನೆಗೆ ಹೋಗುವಾಗ ಬಸ್ಸಿನಲ್ಲಿ ಹಾಡು ಹಾಕಲು ಮನಸ್ಸಾಗಲಿಲ್ಲ. ಆದರೆ ಅವರ ಮಾತು ಒಳಗೆ ಕೂತಿತ್ತು. ವಾದ ಮಾಡಬೇಕು, ಸರಿಯಾಗಿಯೇ ಮಾಡಬೇಕು ಎಂದು ನಿಶ್ಚಯಿಸಿ, ಮೇಲ್ಸೇತುವೆಯ ಹತ್ತಿರ ಆ ನಡುಭಾಗವನ್ನೇ ಹಾಕಿದೆ. ಅವರ ಕಿವಿಯಿಂದ ಕೇಳಿ ನೋಡೋಣವೆಂದು ಬಲಗಿವಿಯ ಇಯರ್‌ಫೋನ್ ತೆಗೆದೆ. ಡ್ರಮ್ಮು ಟಕಟಕ ಎಂದಿತು. ಅಲ್ಲೊಂದು ಇಲ್ಲೊಂದು ತಂತಿ ಮಿಡಿಯಿತು. ಅಷ್ಟೇ. ಸ್ಟೀರಿಯೊ ಎಂದು ವಾದ್ಯಗಳನ್ನು ಎಡಬಲಕ್ಕೆ ಹಂಚುತ್ತಿದ್ದ ಆ ಕಾಲದವರು ಆರ್ಗನ್ ಅಷ್ಟನ್ನೂ ಬಲಗಡೆಗೆ ಹಾಕಿಬಿಟ್ಟಿದ್ದರು. ಬಸವರಾಜ್ ಸರ್ ಸುಳ್ಳು ಹೇಳಿರಲಿಲ್ಲ. ತಮಗೆ ಕೇಳಿಸಿದ್ದನ್ನು ಅಕ್ಷರಶಃ ಹೇಳಿದ್ದರು.

ಅಂದು ಸಂಜೆ ಅಡುಗೆಮನೆಗೆ ಕಾಲಿಡದೆ ಫೋನಿನ ಸೆಟ್ಟಿಂಗ್ಸೆಲ್ಲ ತಡಕಾಡಿದೆ. ಅಕ್ಷರ ದೊಡ್ಡದಾಯಿತು, ಪರದೆ ಕಪ್ಪಾಯಿತು, ಒಮ್ಮೆ ಫೋನು ತಾನೇ ಮಾತಾಡತೊಡಗಿತು. ಯಜಮಾನರೇ ಉಪ್ಪಿಟ್ಟು ಮಾಡಿದರು. ಕೊನೆಗೂ ಸಿಕ್ಕಿತು: ಎಡಬಲ ಎರಡರ ದನಿಯನ್ನೂ ಬೆರೆಸಿ ಎರಡು ಕಿವಿಗೂ ಕೊಡುವ ಮೋನೊ ಎಂಬ ಏರ್ಪಾಡು.

ಮರುದಿನ ಮಧ್ಯಾಹ್ನ ಬಸವರಾಜ್ ಸರ್ ಅವರನ್ನು ಕೂರಿಸಿ, ಮಾತಾಡದೆ ಪೂರ್ತಿ ಕೇಳಬೇಕೆಂದು ಷರತ್ತು ಹಾಕಿ ನನ್ನ ಫೋನು ಕೊಟ್ಟೆ. ಅವರು ಕಣ್ಣು ಮುಚ್ಚಿಕೊಂಡರು. ನಾನು ಉತ್ತರಪತ್ರಿಕೆ ತಿದ್ದುವವಳಂತೆ ಕೂತು ಒಂದೇ ಹಾಳೆಯನ್ನು ನೋಡುತ್ತಿದ್ದೆ. ನಡುಭಾಗ ಬಂದದ್ದು ನನಗೆ ಅವರ ಮುಖದಿಂದಲೇ ತಿಳಿಯಿತು. ಕಣ್ಣು ತೆರೆದರು. ಗೋಡೆಯತ್ತ ನೋಡಿದರು, ಅಲ್ಲಿ ಯಾರೋ ಬಂದು ನಿಂತಂತೆ. ಆಮೇಲೆ ಕಣ್ಣು ತುಂಬಿಕೊಂಡಿತು; ಒರೆಸಿಕೊಳ್ಳಲಿಲ್ಲ. ಹಾಡು ಮುಗಿದ ಮೇಲೆ ಇಯರ್‌ಫೋನ್ ತೆಗೆದರು.

"ಅಲ್ಲಿ ಖಾಲಿ ಐತಿ ಅಂತಿದ್ದೆ. ತಪ್ಪಾತು" ಎಂದರು.

ನಾನು ಗೆದ್ದೆನೆಂದುಕೊಂಡೆ. ನಿಜ ಹೇಳಬೇಕೆಂದರೆ, ಗೆದ್ದಾಗ ದೊಡ್ಡ ಮನಸ್ಸಿನಿಂದ ಏನು ಹೇಳಬೇಕೆಂದು ರಾತ್ರಿಯೇ ಯೋಚಿಸಿಟ್ಟಿದ್ದೆ. ಅವರು ಇಯರ್‌ಫೋನನ್ನು ನಿಧಾನವಾಗಿ ಸುತ್ತಿ ಮೇಜಿನ ಮೇಲಿಟ್ಟರು.

"ಖಾಲಿ ಇಲ್ಲ. ಆರ್ಗನ್ನಿನವ ಭಾಳ ತುಂಬ್ಯಾನ. ಉಸಿರಾಡಾಕ ಜಾಗ ಬಿಟ್ಟಿಲ್ಲ. ಕಿಟಕಿನೇ ಚಲೋ ಮೇಡಂ."

ನನ್ನ ಒಂದು ಸಂಜೆ, ಯಜಮಾನರ ಉಪ್ಪಿಟ್ಟು, ಎಲ್ಲ ನೀರುಪಾಲು. ಆದರೂ ಮನಸ್ಸು ಹಗುರಾಗಿತ್ತು. ಪೂರ್ತಿ ಕೇಳಿಸಿಕೊಂಡ ಮೇಲೂ ಒಪ್ಪದವರು ಎಷ್ಟು ಜನ ಸಿಗುತ್ತಾರೆ? ಹೆಚ್ಚಿನವರು ಅರ್ಧ ಕೇಳಿ ತಲೆಯಾಡಿಸುತ್ತಾರೆ, ಇಲ್ಲವೇ ಅರ್ಧ ಕೇಳಿ ಜಗಳಕ್ಕೆ ಬರುತ್ತಾರೆ.

ಮುಂದಿನ ತರಗತಿಗೆ ಇನ್ನೂ ಹೊತ್ತಿತ್ತು. ಎದ್ದು, ಮೇಜು ಬಳಸಿಕೊಂಡು ಹೋಗಿ, ಅವರ ಎಡಗಡೆಗೆ ಕುರ್ಚಿ ಎಳೆದುಕೊಂಡು ಕೂತೆ.

"ಹಾಗಲ್ಲ ಸರ್" ಎಂದು ಶುರುಮಾಡಿದೆ.