ಮುಡಿಯದ ಹೂವಿನ ಎಣ್ಣೆ

ನಮ್ಮ ಕಡೆ ಚೆಂಡು ಹೂವನ್ನು ಯಾರೂ ಮುಡಿಯುವುದಿಲ್ಲ. ಬಾಗಿಲಿಗೆ ಕಟ್ಟುತ್ತಾರೆ. ಆಯುಧಪೂಜೆಯ ದಿನ ಟ್ರಾಕ್ಟರಿಗೆ, ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿಗೆ, ಕೊನೆಗೆ ಅಡುಗೆಮನೆಯ ಮಿಕ್ಸಿಗೂ ಹಾಕುತ್ತಾರೆ. ಸತ್ತವರ ಮೈಮೇಲೂ ಅದೇ ಹೂವು. ಚಿಕ್ಕವಳಿದ್ದಾಗ ಒಂದು ಸಲ ಜಡೆಗೆ ಚೆಂಡು ಹೂ ಸಿಕ್ಕಿಸಿಕೊಂಡು ಅಂಗಳಕ್ಕೆ ಬಂದಿದ್ದೆ. ಅವ್ವ ಕಿತ್ತೆಸೆದು, "ಟ್ರಾಕ್ಟರ್ ಏನಮ್ಮಿ ನೀನು?" ಅಂದಳು. ಅಪ್ಪ ಜಗುಲಿಯ ಮೇಲೆ ಕೂತು ನಕ್ಕ. ಮೂರು ದಿನ ನನ್ನನ್ನು ಟ್ರಾಕ್ಟರ್ ಅಂತಲೇ ಕರೆದರು.

ಈಗ ಬಾಬುರಾಯನಕೊಪ್ಪಲಿನಲ್ಲಿ, ಮೈಸೂರು ರಸ್ತೆಯ ಪಕ್ಕದ ಒಂದು ಮಳಿಗೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದೇನೆ. ಪಾಂಡವಪುರ, ಕೆ.ಆರ್. ಪೇಟೆ ಕಡೆಯಿಂದಲೂ ಮದುವೆ ಹೆಣ್ಣುಗಳು ಬರುತ್ತಾರೆ. ಬರುವವರೆಲ್ಲ ಫೋನಿನಲ್ಲಿ ಏನಾದರೊಂದು ನೋಡಿಕೊಂಡೇ ಬರುವುದು. "ಅಕ್ಕಾ, ಚೆಂಡು ಹೂವಿನ ಪ್ಯಾಕ್ ಹಾಕ್ತೀರಾ?" ಎಂದು ಮೊದಲ ಸಲ ಒಬ್ಬಳು ಕೇಳಿದಾಗ ನನಗೆ ಅವ್ವನ ಟ್ರಾಕ್ಟರ್ ನೆನಪಾಗಿ ನಗು ಬಂತು. ಅವಳ ಫೋನಿನಲ್ಲಿದ್ದದ್ದು ನಮ್ಮ ಚೆಂಡು ಹೂವೇ ಅಲ್ಲ, ಯಾವುದೋ ಬೇರೆ ದೇಶದ ಹೂವು. ಇಂಗ್ಲಿಷಿನಲ್ಲಿ ಹೆಸರು ಮಾತ್ರ ಎರಡಕ್ಕೂ ಒಂದೇ ಇಟ್ಟಿದ್ದಾರೆ. ಆದರೂ ಗಿರಾಕಿ ಕೇಳಿದ ಮೇಲೆ ಇಲ್ಲ ಅನ್ನಲಾಗುತ್ತದೆಯೇ? ನಮ್ಮ ಹೂವಿನ ಎಸಳನ್ನೇ ಮೊಸರು, ಕಡಲೆಹಿಟ್ಟಿನ ಜೊತೆ ಅರೆದು ಮೊದಲು ನನ್ನ ಮೊಣಕೈಗೆ ಹಚ್ಚಿ ನೋಡಿದೆ. ತುರಿಕೆ ಬರಲಿಲ್ಲ. ಮುಖ ಬೆಳ್ಳಗಾಗುತ್ತದೆ ಅಂತ ನಾನು ಇವತ್ತಿಗೂ ಯಾರಿಗೂ ಹೇಳಿಲ್ಲ. ತಣ್ಣಗಿರುತ್ತದೆ, ಅಷ್ಟೇ.

ಎಣ್ಣೆ ಮಾತ್ರ ಚೆನ್ನಾಗಿ ಬಂತು. ಎಸಳನ್ನು ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಬೇಕು. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಎರಡು ಬಾಟಲಿ ಚೆಲ್ಲಿದ ಮೇಲೆ ನನಗೆ ಬಂದ ಬುದ್ಧಿ ಇದು. ಗಾಜಿನ ಬಾಟಲಿಗೆ ತುಂಬಿ, ಮುಳುಗುವಷ್ಟು ಕೊಬ್ಬರಿ ಎಣ್ಣೆ ಹೊಯ್ದು, ಬಿಸಿಲು ಬೀಳುವ ಕಿಟಕಿಯಲ್ಲಿ ಮೂರು ವಾರ ಇಟ್ಟು ಸೋಸಿದರೆ ಆಯಿತು. ಮಲಗುವಾಗ ಒಡೆದ ಹಿಮ್ಮಡಿಗೆ ಹಚ್ಚಿ ಕಾಲುಚೀಲ ಹಾಕಿಕೊಳ್ಳಬೇಕು. ಫೇಷಿಯಲ್ ಅಂದರೆ ಮಾರು ದೂರ ಓಡುತ್ತಿದ್ದ ಗದ್ದೆ ನಾಟಿಗೆ ಹೋಗುವ ಹೆಂಗಸರೂ ಎಣ್ಣೆ ಕೇಳಿಕೊಂಡು ಬಾಗಿಲಿಗೆ ಬರತೊಡಗಿದರು. ಊರವರ ಹಿಮ್ಮಡಿಗೆಲ್ಲ ಎಣ್ಣೆ ಕೊಟ್ಟೆ. ನನ್ನವ್ವನ ಹಿಮ್ಮಡಿಯಿಂದ ಮಾತ್ರ ರಕ್ತ ಒಸರುತ್ತಿತ್ತು.

ನನ್ನ ತವರು ನಾಗಮಂಗಲ ತಾಲ್ಲೂಕಿನಲ್ಲಿ, ದೇವಲಾಪುರದ ಹತ್ತಿರ. ರಾಗಿ, ಹುರುಳಿಯ ನೆಲ. ಬೋರ್‌ವೆಲ್ಲಿನ ನೀರು ಎಟುಕುವಷ್ಟು ಜಾಗದಲ್ಲಿ ಅಪ್ಪ ಟೊಮೆಟೊ ಹಾಕುತ್ತಿದ್ದ, ಅದರ ಸುತ್ತ ಒಂದು ಸಾಲು ಚೆಂಡು ಹೂ. ಹುಳ ಮೊದಲು ಅಲ್ಲಿಗೆ ಬಂದು ಕೂರುತ್ತದೆ, ಬೇರಿಗೆ ಗಂಟು ಕಟ್ಟುವ ರೋಗವೂ ಕಡಿಮೆ ಅಂತ ಅವನ ಲೆಕ್ಕ. ಬೀಜವನ್ನು ಒಂದು ದಿನವೂ ಕೊಂಡವನಲ್ಲ. ಆಯುಧಪೂಜೆ ಮುಗಿದ ಮೇಲೆ ಟ್ರಾಕ್ಟರಿನ ಹಾರವನ್ನು ಅಟ್ಟದಲ್ಲಿ ಒಣಗಿಸಿಟ್ಟು, ಮಳೆ ಬಿದ್ದಾಗ ಅಂಗೈಯಲ್ಲಿ ತಿಕ್ಕಿ ಉದುರಿಸುತ್ತಿದ್ದ.

ಅಷ್ಟು ಹೂ ಬೆಳೆದವನು ಅವ್ವನಿಗೆ ಮುಡಿಯಲು ಒಂದು ಮೊಳ ಹೂ ತಂದಿದ್ದನ್ನು ನಾನು ನೋಡಿಲ್ಲ. ನಾಗಮಂಗಲದ ಸಂತೆಯಿಂದ ಕಡ್ಲೆಪುರಿ ಬರುತ್ತಿತ್ತು, ಬೆಲ್ಲ ಬರುತ್ತಿತ್ತು, ದನದ ಹಗ್ಗ ಬರುತ್ತಿತ್ತು. "ಒಂದು ಮೊಳ ಊವ ತಂದಿದ್ರೆ ಕೈ ಸವ್ದೋಗ್ತಿತ್ತಾ?" ಅಂತ ಅವ್ವ ಚೀಲ ಕೊಡವುತ್ತ ಕೇಳುವಳು. "ಒಟ್ಟೆಗೆ ಇಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಊವಾ?" ಅಂತ ಅಪ್ಪ. ಹಿಟ್ಟಿಗೇನೂ ಕೊರತೆ ಇರಲಿಲ್ಲ, ಜಿಪುಣ, ಅಷ್ಟೇ. ಅವ್ವ ಹಿತ್ತಲಲ್ಲಿ ಕನಕಾಂಬರ ಬೆಳೆಸಿಕೊಂಡು ತಾನೇ ಕಟ್ಟಿಕೊಂಡು ಮುಡಿಯುತ್ತಿದ್ದಳು.

ಹೋದ ವರ್ಷ ಆಯುಧಪೂಜೆಗೆ ಒಂದು ವಾರ ಇರುವಾಗ ಅಪ್ಪ ತೀರಿಕೊಂಡ. ಹೊಲದ ಮೂಲೆಯಲ್ಲೇ ಮಣ್ಣು ಮಾಡಿದರು. ಊರವರು, ನೆಂಟರು ತಂದ ಹಾರಗಳನ್ನೆಲ್ಲ ಗುಡ್ಡೆಯ ಮೇಲೆ ಹಾಕಿದರು. ಎಲ್ಲ ಚೆಂಡು ಹೂವಿನವೇ. ಹನ್ನೊಂದನೆಯ ದಿನಕ್ಕೆ ಅವ್ವನ ಬಳೆ, ಕುಂಕುಮ ಹೋದವು. ಕನಕಾಂಬರಕ್ಕೆ ನೀರು ಹಾಕುವುದನ್ನು ಬಿಟ್ಟಳು. ಮಲಗುವ ಮೊದಲು ಕಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದವಳು ಅದನ್ನೂ ಬಿಟ್ಟಳು. ಹಿಮ್ಮಡಿ ಬಿರಿದು ಬೆರಳು ತೂರುವಷ್ಟು ಬಾಯಿ ಬಿಟ್ಟಿತು. ಡಾಕ್ಟರು ಬರೆದ ಮುಲಾಮು ಮುಚ್ಚಳ ಬಿಚ್ಚದೆ ಗೂಡಿನಲ್ಲಿ ಕೂತಿತ್ತು. ನನ್ನ ಎಣ್ಣೆಯ ಮಾತೆತ್ತಿದರೂ ಬೇಡ ಅನ್ನುತ್ತಿದ್ದಳು.

"ಗಂಡ ಸತ್ತೋಳ್ಗೆ ಇದೊಂದು ಸಿಂಗಾರ ಕೇಡು," ಅನ್ನುವಳು.

"ಔಷಧಿ ಕಣವ್ವ, ಸಿಂಗಾರ ಅಲ್ಲ."

"ಎಲ್ಲಾ ಒಂದೇಯಾ ಬುಡು."

ಬೇಸಿಗೆಯ ಹೊತ್ತಿಗೆ ಡೈರಿಗೆ ಹಾಲು ಹಾಕಲು ಹೋಗುವುದು ನಿಂತಿತು. ಆಮೇಲೆ ಹೊಲಕ್ಕೆ ಹೋಗುವುದೂ ನಿಂತಿತು. ಜಗುಲಿಯ ಕಂಬಕ್ಕೆ ಒರಗಿ ಕೂತರೆ ಕೂತಳು. ನಲವತ್ತು ವರ್ಷ ಬರಿಗಾಲಲ್ಲಿ ನಡೆದ ಹೆಂಗಸು ಅದು. ನಡಿಗೆ ನಿಂತರೆ ಅವ್ವನೂ ಹೆಚ್ಚು ದಿನ ಇರುವುದಿಲ್ಲ ಅಂತ ನನಗೆ ಹೆದರಿಕೆಯಾಯಿತು. ಊರಲ್ಲಿ ಅವ್ವನ ಜೊತೆಗಿದ್ದ ತಮ್ಮನೂ ಫೋನಿನಲ್ಲಿ ಬಾಯಿ ಬಿಟ್ಟು ಹೇಳದೆ ಅದನ್ನೇ ಹೇಳುತ್ತಿದ್ದ.

ಆವರೆಗೆ ನಾನು ಹೂ ತರುತ್ತಿದ್ದದ್ದು ಶ್ರೀರಂಗಪಟ್ಟಣದಲ್ಲಿ, ಹಾರ ಕಟ್ಟುವ ವಯಸ್ಸಾದ ಸಾಹೇಬರೊಬ್ಬರ ಹತ್ತಿರ. ಈ ಸಲ ಶ್ರಾವಣದಲ್ಲಿ ಅವರು, "ಬಿಡಿ ಹೂವು ಏನಕ್ಕಮ್ಮಾ ಇಷ್ಟೊಂದು?" ಅಂತ ಕೇಳಿದರು. ಹೇಳಿದೆ. ಸೂಜಿ ಕೆಳಗಿಟ್ಟರು.

"ತೋಬಾ ತೋಬಾ! ಮುಖಕ್ಕಾ? ಇದು ಶಾದಿಗೆ ಆಗ್ತದೆ, ಸತ್ತೋರ ಮಯ್ಯತ್ತಿಗೆ ಆಗ್ತದೆ, ಮುಖಕ್ಕೆ ಬ್ಯಾಡಮ್ಮಾ. ತೋಟದೋರು ಎಷ್ಟು ಔಷಧಿ ಹೊಡ್ದವ್ರೋ ಅಲ್ಲಾಗೇ ಗೊತ್ತು. ನಿಮ್ದೇ ಹೊಲ ಇದ್ರೆ ಅಲ್ಲಿಂದ ತನ್ನಿ."

ವ್ಯಾಪಾರ ಕಳೆದುಕೊಂಡು ಬುದ್ಧಿ ಹೇಳಿದ ಮನುಷ್ಯ. ನನಗೆ ನಾಚಿಕೆಯಾಯಿತು. ಇಷ್ಟು ದಿನ ಯಾರ ಯಾರ ಮುಖಕ್ಕೆ ಏನೇನು ಬಳಿದೆನೋ. ಆ ಭಾನುವಾರವೇ ಚೀಲ ಹಿಡಿದು ತವರಿನ ಬಸ್ಸು ಹತ್ತಿದೆ.

ಟೊಮೆಟೊದ ಸುತ್ತ ಹೂ ತುಂಬಿಕೊಂಡಿತ್ತು. ಅರ್ಧ ಚೀಲ ಕಿತ್ತಿದ್ದೆ. ಪಂಪಿನ ಕಡೆಯಿಂದ ತಮ್ಮ ಕೂಗಿಕೊಂಡು ಬಂದ.

"ಅಕ್ಕೋ, ಕೀಳ್ಬ್ಯಾಡ! ನೆನ್ನೆ ತಾನೇ ಔಸ್ದಿ ಒಡ್ದಿವ್ನಿ."

"ಟೊಮೆಟೊ ಬಿಟ್ಟು ಚೆಂಡೂವಿಗೆ ಯಾಕ್ಲಾ ಹೊಡ್ದೆ?"

"ಹುಳ ಬಂದು ಕೂರದೇ ಇದ್ರಲ್ಲಿ. ಇಲ್ಲೇ ಒಡುದ್ಬುಟ್ರೆ ಕಾಯಿಗೆ ಅಷ್ಟು ಬೇಕಾಗಲ್ಲ. ಅದ್ಕೇ ಅಲ್ವಾ ಅಪ್ಪ ಸುತ್ತ ಹಾಕ್ತಿದ್ದುದ್ದು?"

ಚೀಲ ಬೋರಲು ಹಾಕಿದೆ. ಅಪ್ಪನ ಮಗಳಾಗಿ ಇಷ್ಟೂ ಹೊಳೆಯಲಿಲ್ಲವಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು. ತಮ್ಮ ಗದ್ದ ಎತ್ತಿ ಹೊಲದ ಮೂಲೆ ತೋರಿಸಿದ. "ಅಲ್ಲಿರದ ಕಿತ್ಕೊ. ಅಲ್ಲಿಗೆ ನಾನು ಔಸ್ದಿ ಒಡಿಯಲ್ಲ."

ಅದು ಅಪ್ಪನ ಗುಡ್ಡೆ. ಹೋದ ವರ್ಷದ ಹಾರಗಳು ಒಣಗಿ, ಉದುರಿ, ಮುಂಗಾರಿಗೆ ಮೊಳೆತು, ಮಣ್ಣು ಕಾಣದ ಹಾಗೆ ಹೂ ಬಿಟ್ಟಿದ್ದವು. ಇದರ ಎಣ್ಣೆ ಗಿರಾಕಿಗಳಿಗಲ್ಲ, ಅವ್ವನ ಹಿಮ್ಮಡಿಗೆ ಅಂದುಕೊಂಡೆ. ಕೂತು ಕಿತ್ತೆ. ಅಪ್ಪನಿಗೆ ಏನಾದರೂ ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಅಂಥ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಹೊರಡುವಾಗ ತಮ್ಮನಿಗೆ, "ಅವ್ವಂಗೆ ಹೇಳ್ಬೇಡ ಕಣ್ಲಾ," ಅಂದೆ. ಮಣ್ಣಿಗೆ ಹೋಗಿ ಬಂದರೆ ತಲೆಗೆ ನೀರು ಹಾಕಿಕೊಳ್ಳದೆ ಹೊಸಿಲು ದಾಟಿಸದ ಹೆಂಗಸು. ಗುಡ್ಡೆಯ ಹೂವನ್ನು ಕಾಲಿಗೆ ಹಚ್ಚುತ್ತೇನೆ ಅಂದರೆ ಪೊರಕೆ ಹಿಡಿಯುತ್ತಾಳೆ ಅಂತಲೇ ನನ್ನ ಎಣಿಕೆ.

ಮೂರು ವಾರ ಬಿಟ್ಟು ಒಂದು ಸಣ್ಣ ಬಾಟಲಿ ಎಣ್ಣೆ ತೆಗೆದುಕೊಂಡು ಹೋದೆ. ಅವ್ವ ಅದೇ ಕಂಬಕ್ಕೆ ಒರಗಿದ್ದಳು.

"ಅದೇನಮ್ಮಿ?"

"ಚೆಂಡೂವಿನ ಎಣ್ಣೆ ಕಣವ್ವ. ಹಿಮ್ಮಡಿಗೆ."

"ಎಲ್ಲೀ ಊವು?"

"ಶ್ರೀರಂಗಪಟ್ಟಣದಲ್ಲಿ ತಕ್ಕೊಂಡೆ."

"ಕಾಸು ಕೊಟ್ಟು ಊವ ತಂದು ಈ ಕಾಲ್ಗೆ ಸುರೀತೀಯಾ? ನಿಮ್ಮಪ್ಪ ಇದ್ದಿದ್ರೆ ಸುಮ್ಕಿರ್ತಿದ್ನಾ? ತಕ್ಕೊಂಡೋಗು. ನಿನ್ನ ಅಂಗ್ಡಿಗೆ ಬರೋ ಹೆಣ್ಣೈಕ್ಳಿಗೆ ಹಚ್ಚು."

ನನಗೆ ತಡೆಯಲಾಗಲಿಲ್ಲ. ಕಾಲು ಕೊಳೆತು ಹೋಗಲಿ ಅಂತಾನಾ, ನಿನ್ನ ಹಟಕ್ಕೆ ನಾವು ಸಾಯಬೇಕಾ ಅಂತ ಕೂಗಾಡಿದೆ. "ಓಗ್ಲಿ ಬುಡು," ಅಂದಳು. ಅಷ್ಟೇ ತಣ್ಣಗೆ. ನಾನು ಬಾಟಲಿಯನ್ನು ಚೀಲಕ್ಕೆ ತುರುಕಿದೆ. ಹಾಲಿನ ಕ್ಯಾನು ಹಿಡಿದು ಹೊರಟಿದ್ದ ತಮ್ಮ ಬಾಗಿಲಲ್ಲಿ ನಿಂತ.

"ಅವ್ವೋ, ಅಕ್ಕ ಸುಳ್ಳೇಳ್ತಾವ್ಳೆ. ಅದು ಅಂಗ್ಡಿ ಊವಲ್ಲ ಕಣವ್ವ. ಅಪ್ಪನ ಗುಡ್ಡೆ ಮ್ಯಾಲಿಂದು."

ಇವನ ಬಾಯಿಗೆ ಮಣ್ಣು ಹಾಕ ಅಂದುಕೊಂಡು ಅವ್ವನ ಕಡೆ ನೋಡಿದೆ. ಅವಳು ಬೈಯಲಿಲ್ಲ. ಬೇಸಿಗೆಯಿಂದ ಹೊಲದ ಮುಖ ಕಂಡವಳಲ್ಲ. ಅವಳಿಗೆ ಗೊತ್ತೇ ಇರಲಿಲ್ಲ.

"ಗುಡ್ಡೆ ಮ್ಯಾಲೆ ಊವ ಬಿಟ್ಟದಾ?"

"ಊ ಕಣವ್ವ."

"ಏಟದೆ?"

"ಕಿತ್ರೆ ಎರಡು ಮಂಕರಿ ತುಂಬ್ತದೆ," ಅಂದ ತಮ್ಮ, ಕೈಯಗಲಿಸಿ ಬುಟ್ಟಿಯ ಅಳತೆ ತೋರಿಸುತ್ತ.

ಅವ್ವ ಕೈ ಚಾಚಿದಳು. ಬಾಟಲಿ ಕೊಟ್ಟೆ. ಮುಚ್ಚಳ ಬಿಚ್ಚಿ ಮೂಸಿದಳು. ಬಹಳ ಹೊತ್ತು ಮೂಗಿನ ಹತ್ತಿರವೇ ಇಟ್ಟುಕೊಂಡಿದ್ದಳು.

"ಬದುಕಿರಗಂಟ ಒಂದು ಮೊಳ ತಂದೋನಲ್ಲ," ಅಂದಳು. "ಈಗ ಮಂಕರಿಗಟ್ಲೆ ಕೊಡ್ತಾವ್ನೆ ನೋಡು, ಜುಗ್ಗ ನನ್ಮಗ."

ಬಾಟಲಿಯನ್ನು ನನ್ನ ಕೈಗೆ ವಾಪಸು ಕೊಟ್ಟು, ಸೀರೆಯ ಅಂಚು ಎತ್ತಿಕೊಂಡು ಕಾಲು ಚಾಚಿದಳು. ನನಗೆ ಅಳು ಬಂತು. ತಲೆ ತಗ್ಗಿಸಿಕೊಂಡೇ ಎಡಗಾಲಿಗೆ ಹಚ್ಚಿದೆ. ಬಿರುಕಿಗೆ ಎಣ್ಣೆ ಇಳಿದು ಉರಿದಿರಬೇಕು, ಕಾಲು ಎಳೆದುಕೊಳ್ಳಲಿಲ್ಲ. ಅದು ಮುಗಿದ ಮೇಲೆ ಬಲಗಾಲನ್ನು ಅವಳೇ ಮುಂದಕ್ಕಿಟ್ಟಳು.

"ಏಟು ದಿನ ಹಚ್ಚುದ್ರೆ ಅಲ್ಲೀಗಂಟ ನಡೀಬೌದಮ್ಮಿ?"