ಭಾನುವಾರದ ಮರುಪ್ರಸಾರ

ನಮ್ಮ ಮನೆಯಲ್ಲಿ ಆ ಧಾರಾವಾಹಿಯನ್ನು ಯಾರೂ ಬಾಯಿ ಮುಚ್ಚಿಕೊಂಡು ನೋಡಿದ್ದಿಲ್ಲ. ವರ್ಷಗಟ್ಟಲೆ ಓಡುತ್ತಲೇ ಇದ್ದ ಹಿಂದಿಯ ಪತ್ತೇದಾರಿ ಧಾರಾವಾಹಿ ಅದು. ವಾರಕ್ಕೊಂದು ಹೆಣ, ವಾರಕ್ಕೊಬ್ಬ ಕೊಲೆಗಾರ. ಕೋಟು ತೊಟ್ಟ ಅದೇ ಅಧಿಕಾರಿಗಳು, ಬಣ್ಣದ ನೀರು ಕುದಿಯುವ ಅದೇ ಪ್ರಯೋಗಾಲಯ. ನಮ್ಮ ಯಜಮಾನರು ಕೆಲಸ ಮಾಡುತ್ತಿದ್ದದ್ದೂ ಕೋಲ್ಕತ್ತದ ಅಂಥದೇ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ. ಅಪಘಾತದ ಗಾಜಿನ ಚೂರು, ಕಾರಿನಿಂದ ಎದ್ದ ಬಣ್ಣದ ಚಕ್ಕೆ, ಇವೇ ಇವರ ವಿಭಾಗಕ್ಕೆ ಬರುತ್ತಿದ್ದದ್ದು. ಹಾಗಾಗಿ ಟಿವಿಯ ಡಾಕ್ಟರು ಒಂದು ಕೂದಲೆಳೆಯನ್ನು ಯಂತ್ರದಲ್ಲಿಟ್ಟು, ಜಾಹೀರಾತು ಮುಗಿಯುವಷ್ಟರಲ್ಲಿ ಕೊಲೆಗಾರನನ್ನು ವಿಳಾಸ ಸಮೇತ ಹಿಡಿದುಕೊಟ್ಟರೆ ಇವರಿಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮಲ್ಲಾಗಿದ್ದರೆ ಆ ಕೂದಲು ಸೀಲು ಸರಿಯಿಲ್ಲವೆಂದು ಗೇಟಿನಿಂದಲೇ ವಾಪಸ್ ಹೋಗಿರುತ್ತಿತ್ತು ಎಂದು ಅನ್ನ ಕಲಸುತ್ತಲೇ ಗೊಣಗುವರು. ನನಗೆ ಧಾರಾವಾಹಿಗಿಂತ ಇವರ ಗೊಣಗಾಟವೇ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ.

ನಾವು ಮೈಸೂರು ಕಡೆಯವರು, ಸಾಲ್ಟ್ ಲೇಕಿನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೇರೂರಿದ್ದೆವು. ಸೆಕ್ಟರ್ ಫೈವ್‌ನಲ್ಲಿ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಒಂದಾದ ಮೇಲೊಂದು ಏಳುತ್ತಿದ್ದ ಕಾಲ ಅದು. ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ ಇದ್ದಕ್ಕಿದ್ದಂತೆ ಕನ್ನಡ ಕೇಳಿಬರತೊಡಗಿತ್ತು. ಹಾಗೆ ಕೇಳಿಬಂದವಳೇ ಈ ಹುಬ್ಬಳ್ಳಿಯ ಹುಡುಗಿ. ಕನ್ನಡದವರೆಲ್ಲ ಸೇರಿ ಮಾಡಿದ ಯುಗಾದಿ ಊಟದಲ್ಲಿ ನನ್ನ ಪಕ್ಕದ ಎಲೆಗೆ ಕೂತು, ಹೋಳಿಗೆಗೆ ತುಪ್ಪ ಸಾಲದೆಂದು ನನ್ನ ಕಿವಿಯಲ್ಲಿ ದೂರು ಹೇಳಿದಳು. ನನಗೂ ಹಾಗೇ ಅನಿಸಿತ್ತು. ಅಲ್ಲಿಗೆ ಸ್ನೇಹವಾಯಿತು. ಅವಳದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು. ಅದಕ್ಕೆ ಸಂಬಳ ಬೇರೆ ಕೊಡುತ್ತಾರಾ, ನಾನು ಪುಕ್ಕಟೆ ಮಾಡಿಕೊಂಡು ಬಂದಿದ್ದೇನಲ್ಲ ಎಂದು ರೇಗಿಸುತ್ತಿದ್ದೆ.

ನಮ್ಮ ಮನೆಯಿಂದ ಎರಡು ಬೀದಿ ಆಚೆ, ಹುಡುಗಿಯರ ಪಿಜಿಯಲ್ಲಿ ಇದ್ದಳು. ಅಲ್ಲಿನ ಟಿವಿ ಮನೆಯೊಡತಿಯ ಬಂಗಾಳಿ ಧಾರಾವಾಹಿಗಳಿಗೆ ಮೀಸಲು. ಹೀಗಾಗಿ ಭಾನುವಾರ ಮಧ್ಯಾಹ್ನ ಪತ್ತೇದಾರಿಯ ಮರುಪ್ರಸಾರದ ಹೊತ್ತಿಗೆ ನಮ್ಮಲ್ಲಿಗೆ ಬರುವಳು. ನನ್ನ ಹುಳಿಯ ರುಚಿಗೆ ಬರುತ್ತಾಳೆಂದು ಕೆಲವು ವಾರ ಬೀಗಿದ್ದೆ. ಆಮೇಲೆ ತಿಳಿಯಿತು, ಅವಳು ಬರುತ್ತಿದ್ದದ್ದು ಅಪ್ಪನ ಜೊತೆ ಕೂತು ಧಾರಾವಾಹಿ ನೋಡಲು. ಅಪ್ಪ ಇದ್ದದ್ದು ಹುಬ್ಬಳ್ಳಿಯಲ್ಲಿ. ಅಲ್ಲಿ ಅವರು, ಇಲ್ಲಿ ಇವಳು, ಒಂದೇ ಹೊತ್ತಿಗೆ ಒಂದೇ ಕಂತು. ಕೊಲೆಗಾರ ಯಾರೆಂದು ಹೊಳೆದ ಕೂಡಲೇ ಅಪ್ಪ ಮಿಸ್ಡ್ ಕಾಲ್ ಕೊಡುವರು. ಜಾಹೀರಾತು ಬಂದಾಗ ಇವಳು ತಿರುಗಿ ಫೋನು ಮಾಡಬೇಕು.

ತಾಯಿ ಇವಳು ಚಿಕ್ಕವಳಿದ್ದಾಗಲೇ ಹೋಗಿದ್ದರು. ಅಪ್ಪನದು ಹೊಲಿಗೆ ಅಂಗಡಿ. ಅಂಗಡಿಯ ಮೇಲಿನ ಕೋಣೆಯಲ್ಲೇ ಮಗಳನ್ನು ಬೆಳೆಸಿ ಇಂಜಿನಿಯರಿಂಗ್ ಓದಿಸಿದವರು. ಅವರು ಕೊಲೆಗಾರನನ್ನು ಹಿಡಿಯುತ್ತಿದ್ದದ್ದು ಬಟ್ಟೆ ನೋಡಿ. ಅಳುತ್ತಿರುವ ಅಣ್ಣನ ಅಂಗಿಯ ಕಾಲರು ಹೊಸದಾಗಿದೆ, ಸತ್ತ ಮನೆಯಲ್ಲಿ ಯಾರು ಹೊಸ ಅಂಗಿ ಹಾಕುತ್ತಾರೆ, ಇವನೇ ಎಂದು ತೀರ್ಪು ಕೊಟ್ಟುಬಿಡುವರು. ಅರ್ಧಕ್ಕರ್ಧ ತಪ್ಪಾಗುತ್ತಿತ್ತು. ಒಮ್ಮೆ ಯಜಮಾನರು ಫೋನು ಇಸಿದುಕೊಂಡು, ನಮ್ಮ ಲ್ಯಾಬಿನ ರಿಪೋರ್ಟಿಗಿಂತ ನಿಮ್ಮದು ಬೇಗ ಬರುತ್ತದೆ ಸ್ವಾಮಿ ಎಂದರು. ಆ ಕಡೆಯ ನಗು ನನಗೂ ಕೇಳಿಸಿತ್ತು. ನಾನು ಆ ಮನುಷ್ಯನನ್ನು ಬಲ್ಲದ್ದು ಅಷ್ಟೇ, ಫೋನಿನಾಚೆಯ ಒಂದು ದೊಡ್ಡ ನಗು.

ಮಗಳು ಕೆಲಸ ಮಾಡುವ ಊರು ನೋಡಬೇಕೆಂದು ಅವರು ಹೊರಟು ಬಂದರು. ಪಿಜಿಯಲ್ಲಿ ಗಂಡಸರಿಗೆ ಪ್ರವೇಶವಿಲ್ಲ. ನಮ್ಮಲ್ಲಿ ಉಳಿಯಿರಿ ಎಂದು ಯಜಮಾನರೇ ಹೇಳಿದ್ದರು, ಅವರಿಗೆ ಸಂಕೋಚ. ಪ್ರಯಾಣದ ಕೊಳೆಯಲ್ಲಿ ಒಬ್ಬರ ಮನೆಗೆ ಹೇಗೆ ಬರಲಿ ಅಂದರಂತೆ. ರೈಲಿಳಿದು ಹಾವ್ಡಾ ನಿಲ್ದಾಣದ ಹತ್ತಿರವೇ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದರು. ಜಳಕ, ಪೂಜೆ ಮುಗಿಸಿಕೊಂಡು ನಾನೇ ಬರುತ್ತೇನೆ, ನೀನು ಬರಬೇಡ ಎಂದು ಬೆಳಿಗ್ಗೆ ಮಗಳಿಗೆ ಫೋನು ಮಾಡಿ ಹೇಳಿದರು. ಅವಳು ರಜೆ ಹಾಕಿ, ಅಪ್ಪನೇ ಹೊಲಿದು ಕಳಿಸಿದ್ದ ಚೂಡಿದಾರ ತೊಟ್ಟು ಪಿಜಿಯ ಗೇಟಿನಲ್ಲಿ ನಿಂತಿದ್ದಳು. ಆ ಹೊತ್ತಿಗೆ ಲಾಡ್ಜಿನ ಕೆಳಗಿನ ಗೋದಾಮಿಗೆ ಬೆಂಕಿ ಬಿದ್ದಿತ್ತು. ಇಳಿಯಲು ಇದ್ದದ್ದು ಒಂದೇ ಮೆಟ್ಟಿಲ ದಾರಿ.

ಶವಾಗಾರಕ್ಕೆ ಅವಳ ಜೊತೆ ಹೋದವಳು ನಾನು. ಅಲ್ಲಿ ಕಂಡದ್ದನ್ನು ಬರೆಯುವುದಿಲ್ಲ. ಮುಖ ನೋಡಿ ಗುರುತು ಹಿಡಿಯುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ ಎಂದಷ್ಟೇ ಹೇಳುತ್ತೇನೆ. ಬೇರೆ ಹೆಣಗಳನ್ನು ಉಂಗುರ, ಬೆಲ್ಟು ನೋಡಿ ಮನೆಯವರು ಒಯ್ದಿದ್ದರು. ಒಬ್ಬರು ಮಾತ್ರ ಉಳಿದಿದ್ದರು, ಎತ್ತರ ಅವಳ ಅಪ್ಪನಷ್ಟೇ. ಅವಳು ಬಾಗಿ ಕೊರಳೊಂದನ್ನೇ ನೋಡಿದಳು. ನೋಡಿ ನೆಟ್ಟಗೆ ನಿಂತು, ಗಟ್ಟಿಯಾಗಿ, ಇವರು ನಮ್ಮಪ್ಪ ಅಲ್ಲ ಎಂದು ಹಿಂದಿಯಲ್ಲಿ ಹೇಳಿದಳು. ಹೊರಗೆ ಬಂದ ಮೇಲೆ ನನಗೆ ಬಿಡಿಸಿ ಹೇಳಿದಳು. ಅವಳ ಮನೆಯವರು ಲಿಂಗಾಯತರು. ಅಪ್ಪನ ಕೊರಳಲ್ಲಿ ಸದಾ ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆ. ಮಲಗುವಾಗ, ಆಸ್ಪತ್ರೆ ಸೇರಿದಾಗ, ಯಾವತ್ತೂ ಮೈಯಿಂದ ಇಳಿಸಿದವರಲ್ಲ. ಈ ಕೊರಳಲ್ಲಿ ಏನೂ ಇಲ್ಲ. ಅಂದಮೇಲೆ ಅಪ್ಪ ಹೊಗೆಗೆ ಹೆದರಿ ಎತ್ತಲೋ ಓಡಿದ್ದಾರೆ, ಭಾಷೆ ಬಾರದ ಊರಿನಲ್ಲಿ ಕಳೆದುಹೋಗಿದ್ದಾರೆ. ಪೊಲೀಸರು ನಿಯಮದಂತೆ ಅವಳ ರಕ್ತದ ಮಾದರಿ ತೆಗೆದುಕೊಂಡು, ಡಿಎನ್‌ಎ ಪರೀಕ್ಷೆಗೆ ಕಳಿಸಿದರು. ಪರೀಕ್ಷೆಯಾಗುವವರೆಗೆ ಹೆಣವನ್ನು ಶೀತಲ ಪೆಟ್ಟಿಗೆಯಲ್ಲಿ ಇಡುತ್ತೇವೆ ಎಂದರು.

ಮಾದರಿ ಬಂದದ್ದು ನಮ್ಮ ಯಜಮಾನರ ಪ್ರಯೋಗಾಲಯಕ್ಕೇ, ಬೇರೆ ವಿಭಾಗಕ್ಕೆ. ಇವರು ಆ ಕಡೆ ತಲೆ ಹಾಕುವಂತಿರಲಿಲ್ಲ, ಹಾಕಲೂ ಇಲ್ಲ. ಯಾವಾಗ ಆದೀತು ಎಂದಷ್ಟೇ ಕೇಳಿಕೊಂಡು ಬರುವರು. ಸರದಿ ದೊಡ್ಡದಿತ್ತು.

ಅವಳು ಭಾನುವಾರ ಬರುವುದನ್ನು ಬಿಡಲಿಲ್ಲ. ಒಬ್ಬಳೇ ಇರಬಾರದೆಂದು ನಾನೇ ಎಳೆದುಕೊಂಡು ಬರುತ್ತಿದ್ದೆ. ಟಿವಿ ಹಾಕಬೇಡಿ ಎಂದು ಇವರಿಗೆ ಹೇಳಿದ್ದೆ. ಅವಳೇ ಹಾಕಿದಳು. ಅಪ್ಪ ಎಲ್ಲೋ ಕೂತು ಇದನ್ನೇ ನೋಡುತ್ತಿರಬಹುದಲ್ಲ ಎಂಬ ಆಸೆ ಅವಳಿಗೆ.

ಆ ವಾರದ ಕಂತು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಸುಟ್ಟ ಕಾರು, ಒಳಗೊಂದು ಹೆಣ. ಹೆಂಡತಿ ಬಂದು ತನ್ನ ಗಂಡನೇ ಎಂದು ಎದೆ ಬಡಿದುಕೊಂಡು ಅಳುತ್ತಾಳೆ. ಅಧಿಕಾರಿ ಮಾತ್ರ ಹೆಣದ ಕೈ ನೋಡಿ ಹುಬ್ಬು ಗಂಟಿಕ್ಕುತ್ತಾನೆ. ಗಂಡ ಮುಂಗೈಯಲ್ಲಿ ತಾಮ್ರದ ಕಡಗ ಹಾಕುತ್ತಿದ್ದ, ಬಿಗಿಯಾಗಿ ಕೂತುಬಿಟ್ಟಿದ್ದರಿಂದ ತೆಗೆಯಲು ಬರುತ್ತಿರಲಿಲ್ಲ. ಇಲ್ಲಿ ಕಡಗವೇ ಇಲ್ಲ. ಜಾಹೀರಾತು ಮುಗಿದ ಮೇಲೆ ಗಂಡ ಗೋವೆಯ ಕಡಲಂಚಿನಲ್ಲಿ ಜೀವಂತ ಸಿಗುತ್ತಾನೆ.

ಅವಳ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. 'ನೋಡಿದ್ರಿಲ್ಲೋ ಆಂಟಿ' ಎಂದಳು, ಮೆಲ್ಲಗೆ. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ರಕ್ತ ಆಡಿತು.

ಯಜಮಾನರು ಟಿವಿ ಆರಿಸಿದರು. ಇಷ್ಟು ವರ್ಷ ಗೊಣಗಿದ ಮನುಷ್ಯ ಆವತ್ತು ಗೊಣಗಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತರು. 'ಮಗು, ಕರಡಿಗೆ ಇರೋದು ದಾರದಲ್ಲಿ. ಬೆಂಕಿಗೆ ದಾರ ಸುಡುತ್ತೆ' ಎಂದರು.

'ಬೆಳ್ಳಿ ಸುಡಂಗಿಲ್ಲಲ್ರಿ ಅಂಕಲ್. ಬಿದ್ದಿದ್ರ ಅಲ್ಲೇ ಮೈಕೆಳಗ ಸಿಗಬೇಕಿತ್ತಲ್ಲ.'

ನಿಜ ಹೇಳಬೇಕೆಂದರೆ, ಅವಳ ಲೆಕ್ಕಾಚಾರದಲ್ಲಿ ತಪ್ಪು ಹುಡುಕುವುದಕ್ಕಿಂತ ಅದನ್ನು ನಂಬಿಬಿಡುವುದೇ ನನಗೆ ಹಿತವಾಗಿತ್ತು.

ಅಲ್ಲಿಂದ ಶುರುವಾಯಿತು ಅವಳ ಅಲೆದಾಟ. ಆಫೀಸು ಮುಗಿಸಿ, ಅಪ್ಪನ ಫೋಟೋ ಹಿಡಿದು, ಹಾವ್ಡಾದ ಪ್ಲಾಟ್‌ಫಾರ್ಮುಗಳು, ಅನಾಥಾಶ್ರಮಗಳು, ಅಲಿಪುರದ ಕಡೆಯ ಆಸ್ಪತ್ರೆಗಳು. ಕೆಲವು ಸಲ ನಾನೂ ಹೋದೆ. ಅವಳ ಬಂಗಾಳಿ ಹರಕು ಮುರಕು, ನನ್ನದು ತರಕಾರಿ ಕೊಳ್ಳುವಷ್ಟು. ಈ ಊರಿನವರು ಪಾಪ, ಕೆಲಸ ಬಿಟ್ಟು ನಿಂತು ಫೋಟೋ ನೋಡುವರು, ಕೂರಿಸಿ ಚಹಾ ಕೊಡುವರು. ಹೋದಲ್ಲೆಲ್ಲ ಮೊದಲು ಕೊರಳು ತೋರಿಸಿ, ಇಲ್ಲಿ ಬೆಳ್ಳಿಯ ಡಬ್ಬಿಯಿರುವ ಮನುಷ್ಯ ಎಂದು ವಿವರಿಸುತ್ತಿದ್ದಳು. ಹುಬ್ಬಳ್ಳಿಯ ಕಾಕಾ, ಅಂದರೆ ಅವಳ ಚಿಕ್ಕಪ್ಪ, ಫೋನಿನಲ್ಲಿ ಮುಂದಿನದು ಏನು ಎತ್ತ ಎಂದು ವಿಚಾರಿಸಿದರೆ ಅವರ ಮೇಲೆ ಹರಿಹಾಯುವಳು. ಬದುಕಿದ್ದವರಿಗೆ ಯಾರಾದರೂ ಕ್ರಿಯೆ ಮಾಡುತ್ತಾರಾ ಎಂದು. ನನಗೆ ಆ ಧಾರಾವಾಹಿ ಬರೆದವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಊಟದ ಹೊತ್ತಿಗೆ ಒಂದು ಕತೆ ಬೇಕೆಂದು ಸತ್ತವನನ್ನು ಎಬ್ಬಿಸಿ ಕೂರಿಸಿದ್ದ. ಅವನಿಗೇನು, ಮುಂದಿನ ವಾರಕ್ಕೆ ಬೇರೆ ಹೆಣ ಇರುತ್ತದೆ.

ಒಂದು ದಿನ ಯಜಮಾನರು ಮಧ್ಯಾಹ್ನವೇ ಮನೆಗೆ ಬಂದರು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, ಹೊರಡು ಎಂದರು. ರಿಪೋರ್ಟು ಪೊಲೀಸರಿಗೆ ಹೋಗಿತ್ತು, ಅವರು ಫೋನು ಮಾಡಿ ಹೇಳುವ ಮೊದಲು ನಾವು ಹೇಳಬೇಕಿತ್ತು. ಆಟೋ ಹಿಡಿದು ಸೆಕ್ಟರ್ ಫೈವ್‌ಗೆ ಹೋದೆವು. ಅವಳು ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ನೇತುಹಾಕಿಕೊಂಡು ಕೆಳಗಿಳಿದು ಬಂದಳು. ರಸ್ತೆ ಬದಿಯ ಚಹಾ ಅಂಗಡಿಯ ಬೆಂಚಿನ ಮೇಲೆ ಕೂರಿಸಿದೆವು. ಇವರೇ ಹೇಳಿದರು.

'ರಿಪೋರ್ಟ್ ಬಂದಿದೆ ಮಗು. ನೀನು ಅವರ ಮಗಳು ಅಂತ ಬಂದಿದೆ.'

ಅವಳು ಅಳಲಿಲ್ಲ. ತಪ್ಪಿರಬಹುದಾ ಎಂದು ಕೇಳಿದಳು. ಇಲ್ಲ ಎಂದರು ಇವರು. ಇನ್ನೊಮ್ಮೆ ಮಾಡಿ ನೋಡಬಹುದಾ ಎಂದಳು. ಎರಡು ಸಲ ಮಾಡಿದ್ದಾರೆ ಎಂದರು. ಮಣ್ಣಿನ ಲೋಟದ ಚಹಾವನ್ನು ಪೂರ್ತಿ ಕುಡಿದು, ಮೇಲೆ ಹೋಗಿ ರಜೆ ಹೇಳಿ ಬಂದಳು. ಹಿಂತಿರುಗುವಾಗ ಆಟೋದಲ್ಲಿ ನನ್ನ ಕೈ ಹಿಡಿದುಕೊಂಡಿದ್ದಳು. ಕರಡಿಗೆ ಎಲ್ಲಿ ಹೋಯಿತು ಎಂಬ ಒಂದೇ ಮಾತು ಅವಳ ಬಾಯಲ್ಲಿ. ಯಾರೋ ಕದ್ದಿರಬೇಕು, ಬೆಳ್ಳಿಯಲ್ಲವೇ ಎಂದು ನಾನು ಹೇಳಿದೆ. ಬೇರೇನು ಹೇಳಲಿ.

ಮರುದಿನ ಕಾಕಾ ವಿಮಾನದಲ್ಲಿ ಬಂದರು. ಹುಬ್ಬಳ್ಳಿಗೆ ಒಯ್ದು ಮಣ್ಣು ಮಾಡುವುದೆಂದು ತೀರ್ಮಾನವಾಗಿತ್ತು. ಪೆಟ್ಟಿಗೆಯ ಏರ್ಪಾಡಿಗೆ ಕಾಕಾ ಮತ್ತು ಯಜಮಾನರು ಓಡಾಡುತ್ತಿದ್ದಾಗ ಅವಳೂ ನಾನೂ ಶವಾಗಾರದ ಕಚೇರಿಯಲ್ಲಿ ಕೂತಿದ್ದೆವು. ಮಧ್ಯವಯಸ್ಸಿನ ಬಂಗಾಳಿ ಪೊಲೀಸೊಬ್ಬರು ಒಂದು ಪುಟ್ಟ ಪೊಟ್ಟಣ ಅವಳ ಮುಂದಿಟ್ಟರು. ಮರಣೋತ್ತರ ಪರೀಕ್ಷೆಯಲ್ಲಿ ಎಡಗೈಯ ಬಿಗಿದ ಮುಷ್ಟಿ ಬಿಡಿಸಿದಾಗ ಸಿಕ್ಕಿದ್ದು, ಏನೋ ಕಪ್ಪು ಕಲ್ಲು, ಯಾರಿಗೂ ಏನೆಂದು ತಿಳಿಯಲಿಲ್ಲ, ನಿಯಮವಿದೆಯೆಂದು ಎತ್ತಿಟ್ಟಿದ್ದೇವೆ ಎಂದು ಹಿಂದಿಯಲ್ಲಿ ಹೇಳಿದರು. ಅವಳು ಗುರುತಿಗೆ ಬಂದಾಗ ಆ ಮುಷ್ಟಿ ಇನ್ನೂ ಮುಚ್ಚಿಯೇ ಇತ್ತಂತೆ.

ಅವಳು ಪೊಟ್ಟಣ ಬಿಚ್ಚಿದಳು. ಮೇಲಿನ ಕಪ್ಪು ಲೇಪ ಒಂದು ಕಡೆ ಕರಗಿ ಬಿರಿದಿತ್ತು. ನನಗೂ ಅದು ಇದ್ದಿಲ ಚೂರಿನಂತೆಯೇ ಕಂಡಿತು. ಅವಳು ಅದನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳು.

'ಪೂಜಿಗೆ ಕುಂತಿದ್ದ ಆಂಟಿ ನಮ್ಮಪ್ಪ' ಎಂದಳು. 'ಕರಡಿಗಿ ಬಿಚ್ಚಿ ಬಾಜೂಕ ಇಟ್ಟಿರ್ತಾನ. ಲಿಂಗ ಅಂಗೈಯಾಗ ಇತ್ತು. ದಿನಾ ಮುಂಜಾನೆ ನೋಡೇನಿ ನಾ. ಹುಟ್ಟಿದಾಗಿಂದ ನೋಡೇನಿ. ಆವತ್ತ ಕೊಳ್ಳು ನೋಡಿದೆ, ಕೈ ನೋಡಲಿಲ್ಲ.'

ಆಗ ಅತ್ತಳು. ನಾನೂ ಅತ್ತೆ. ಲಿಂಗ ಕೈಯಲ್ಲಿದ್ದಾಗಲೇ ಹೋದದ್ದು ಪುಣ್ಯ ಎಂದು ಆಮೇಲೆ ಕಾಕಾ ಹೇಳಿದರು. ಅವರಿಗೆ ಅದರಿಂದ ನಿಜವಾಗಿಯೂ ಸಮಾಧಾನವಾಗಿತ್ತು. ಅವಳಿಗೆ ಆಗಲಿಲ್ಲ, ಅದು ನನಗೆ ಕಾಣುತ್ತಿತ್ತು.

ಹೆಣ ಒಪ್ಪಿಸುವ ಮುನ್ನ ಮನೆಯವರೊಬ್ಬರು ಮತ್ತೆ ಗುರುತು ಹೇಳಬೇಕಿತ್ತು. ಕಾಕಾ ಹೋಗುತ್ತಾರೆ, ನೀನು ಬೇಡ ಎಂದು ಎಲ್ಲರೂ ತಡೆದೆವು. ಆ ಪೊಲೀಸರೂ ತಡೆದರು. ಆವತ್ತು ಹೇಳಿದವಳು ನಾನು, ಇವತ್ತೂ ನಾನೇ ಹೇಳಬೇಕು ಎಂದು ಅವಳು ಒಳಗೆ ನಡೆದಳು. ನಾನು ಹಿಂದೆಯೇ ಹೋದೆ. ಪೊಲೀಸರು ಬರೆದುಕೊಳ್ಳಲು ಪೆನ್ನು ಹಿಡಿದು ಬದಿಗೆ ನಿಂತರು. ಈ ಸಲ ಅವಳು ಹಿಂದಿ ಆಡಲಿಲ್ಲ. ತಲೆಯ ಕಡೆಗೆ ಬಾಗಿ, ಮಲಗಿದವರನ್ನು ಎಬ್ಬಿಸುವಾಗ ಮಾತಾಡುವಷ್ಟು ಮೆಲ್ಲಗೆ ಹೇಳಿದಳು.

'ಅಪ್ಪಾ, ನಾ ಬಂದೇನಿ. ಆವತ್ತ ನಾ ನಮ್ಮಪ್ಪ ಅಲ್ಲ ಅಂದಾಗ ನೀ ಇಲ್ಲೇ ಇದ್ದಿ.'

ಏನೆಂದಳು ಎಂದು ಪೊಲೀಸರು ನನ್ನನ್ನು ಕೇಳಿದರು. ಇವರೇ ತನ್ನ ತಂದೆ ಅನ್ನುತ್ತಿದ್ದಾಳೆ, ಬರೆದುಕೊಳ್ಳಿ ಎಂದೆ.