ಮಗ್ಗ ನಿಂತ ದಿನದ ಅಂಕ

ಕೊಲ್ಹಾಪುರದಲ್ಲಿ ಕಾಲೇಜಿನ ಎರಡನೆಯ ವರ್ಷ ಓದುವಾಗ ನಾನೂ ಗಡಹಿಂಗ್ಲಜದ ನನ್ನ ಗೆಳೆಯನೂ ಸೇರಿ ಒಂದು ವಿಡಿಯೋ ಗೇಮ್ ಮಾಡಿದೆವು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಲೇಜಿನಲ್ಲಿದ್ದ ಒಂದೇ ಕಂಪ್ಯೂಟರನ್ನು ಟಿವಿಗೆ ಜೋಡಿಸಿದ್ದರು; ಬರೆದದ್ದನ್ನು ಹಾಡಿನ ಕ್ಯಾಸೆಟ್ಟಿನಲ್ಲಿ ತುಂಬಿಡಬೇಕಿತ್ತು. ನಮ್ಮ ಸರದಿ ಸೋಮವಾರ ಮತ್ತು ಗುರುವಾರ, ನಲವತ್ತು ನಿಮಿಷ. ಒಟ್ಟು ಹತ್ತೊಂಬತ್ತು ಸಲ ಕೂತೆವು ಎಂದು ನನ್ನ ಡೈರಿಯಲ್ಲಿದೆ.

ಆ ಸಲದ ಕಾಲೇಜು ಪ್ರದರ್ಶನಕ್ಕೆ ಆರೋಗ್ಯದ ವಿಷಯ ಕೊಟ್ಟಿದ್ದರು. ಉಳಿದವರು ಹಲ್ಲು, ಕಣ್ಣು, ಕುಡಿಯುವ ನೀರು ಎಂದು ಹಂಚಿಕೊಂಡರು. ಮನಸ್ಸಿನ ಕಾಯಿಲೆ ಎಂದವನು ನಾನು. ಆಟದಲ್ಲಿ ಏಳು ಚೌಕಗಳಿಂದಾದ ಮನುಷ್ಯನೊಬ್ಬ ಕೋಣೆಯಲ್ಲಿ ಒಂಟಿಯಾಗಿರುತ್ತಾನೆ. ಮೂಲೆಯಲ್ಲಿ ಅವನ ಮನಸ್ಸಿನ ಅಂಕ. ಅದು ತಾನಾಗಿಯೇ ಸ್ವಲ್ಪ ಸ್ವಲ್ಪ ಇಳಿಯುತ್ತಿರುತ್ತದೆ. ಒಂದು ಒತ್ತಿದರೆ ಅವನು ಕೆಲಸಕ್ಕೆ ಹೋಗುತ್ತಾನೆ, ಎರಡು ಒತ್ತಿದರೆ ಯಾರೊಡನೆಯಾದರೂ ಮಾತಾಡುತ್ತಾನೆ, ಮೂರು ಒತ್ತಿದರೆ ವಿಶ್ರಾಂತಿ. ಅಂಕ ಸೊನ್ನೆಗಿಳಿದರೆ ಪರದೆ ಕಪ್ಪಾಗುತ್ತದೆ; ನೂರು ಮುಟ್ಟಿದರೆ ಬಾಗಿಲು ತೆರೆಯುತ್ತದೆ.

ಗೆಳೆಯ ವಿಶ್ರಾಂತಿಗೆ ಹತ್ತು ಅಂಕ ಕೂಡಿಸಿದ್ದ. ನಾನು ಅದನ್ನು ಹದಿನೈದು ಕಳೆಯುವಂತೆ ತಿದ್ದಿದೆ.

ನಮ್ಮೂರು ಇಚಲಕರಂಜಿಯಲ್ಲಿ ನನ್ನ ಅಣ್ಣ ವಿದ್ಯುತ್ ಮಗ್ಗ ನಡೆಸುತ್ತಿದ್ದ. ಮಗ್ಗಗಳ ಸದ್ದಿನ ನಡುವೆ ಅವನು ಸರಿಯಾಗಿರುತ್ತಿದ್ದ. ಕಡಿದ ನೂಲನ್ನು ಅವನ ಬೆರಳುಗಳೇ ಹುಡುಕಿ ಗಂಟು ಹಾಕುತ್ತಿದ್ದವು. ವಾರಕ್ಕೊಂದು ದಿನ ಕರೆಂಟು ತೆಗೆದು ಮಗ್ಗ ನಿಲ್ಲಿಸಿದಾಗ ಓಣಿಯೆಲ್ಲ ಸದ್ದಿಲ್ಲದೆ ಬಿದ್ದಿರುತ್ತಿತ್ತು. ಆ ದಿನ ಅಣ್ಣ ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದ. ಉಣ್ಣುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ಬೇಸಿಗೆಯಲ್ಲಿ ಮನೆಯಲ್ಲಿದ್ದಾಗ ಗುರುತು ಹಾಕಿಟ್ಟಿದ್ದೆ: ಒಂಬತ್ತು ರಜೆಗಳಲ್ಲಿ ಏಳು ಸಲ ಹೀಗೆ. ಬಂದವರಿಗೆ ಅವ್ವ ಪಿತ್ತವೆಂದು ಹೇಳುತ್ತಿದ್ದಳು. ತಂಗಿಗೆ ನೇಸರಿಯ ಒಂದು ಮನೆಯವರೊಂದಿಗೆ ಮಾತು ನಡೆದಿತ್ತು. ನೇಸರಿ ನನ್ನ ಗೆಳೆಯನ ಸೋದರಮಾವನ ಊರು. ನಾನು ಬಸ್ಸಿಗೆ ಹೊರಟಾಗಲೆಲ್ಲ ಅವ್ವನದು ಒಂದೇ ಮಾತು.

"ಅಣ್ಣನ ಸುದ್ದಿ ಅಲ್ಲಿ ಯಾರ ಮುಂದೂ ತಗೀಬ್ಯಾಡಪಾ. ಹುಡುಗಿ ಲಗ್ನ ಆಗೂದೈತಿ."

ತಿದ್ದಿದ ಆಟವನ್ನು ಗೆಳೆಯ ಸೋಮವಾರ ಆಡಿ ನೋಡಿದ. ಬರೀ ವಿಶ್ರಾಂತಿಯನ್ನೇ ಒತ್ತುತ್ತ ಹೋದ. ಪರದೆ ಕಪ್ಪಾಯಿತು.

"ಆರಾಮ ಮಾಡಿದ್ರ ಮನಶಾ ಸಾಯ್ತಾನೇನು? ಹಂಗಿದ್ರ ನಮ್ಮ ಕ್ಲಾಸಿನ ಕಡೀ ಬೆಂಚಿನವ್ರು ಎಲ್ಲಾರೂ ಯಾವಾಗೋ ಹೋಗಬೇಕಾಗಿತ್ತಲ್ಲೋ."

ಕೆಲವರಿಗೆ ಹಾಗಾಗುತ್ತದೆ ಎಂದೆ.

"ಯಾರಿಗೆ ಆಗೈತಿ? ನೀ ನೋಡೀಯೇನು?"

ಅವನು ಬಟನ್‌ಗಳಿಂದ ಕೈ ತೆಗೆದು ನನ್ನ ಕಡೆ ತಿರುಗಿದ್ದ. ನಗುತ್ತಿರಲಿಲ್ಲ. ಹೇಳಿದ್ದರೆ ಕೇಳಿಸಿಕೊಳ್ಳುತ್ತಿದ್ದನೋ ಏನೋ.

"ಪುಸ್ತಕದಾಗ ಓದೇನಿ."

"ಹಂಗಾದ್ರ ಅದರ ಹೆಸರು ಕೊಡು. ಸರ್ ಕೇಳತಾರ, ಚಾರ್ಟ್ ಮ್ಯಾಲ ಬರೀಬೇಕು."

ಎರಡು ದಿನ ಗ್ರಂಥಾಲಯದಲ್ಲಿ ಹುಡುಕಿದೆ, ನಿಜವಾಗಿಯೂ ಅಂಥದೊಂದು ಪುಸ್ತಕ ಇದ್ದೀತೆಂದು. ಸಿಗಲಿಲ್ಲ. ಗುರುವಾರ ನಾನೇ ಕೂತು ಹದಿನೈದನ್ನು ಅಳಿಸಿ ಹತ್ತು ಕೂಡಿಸಿದೆ. ಗೆಳೆಯ ಬೆನ್ನು ತಟ್ಟಿ ಚಹಾಕ್ಕೆ ಕರೆದ. ತಲೆನೋವೆಂದು ಹೇಳಿ ರೂಮಿಗೆ ಹೋದೆ. ಆ ವಾರ ಅವನೊಡನೆ ಆಟದ ಹೊರತು ಬೇರೆ ಮಾತಾಡಿದ ನೆನಪಿಲ್ಲ.

ಪ್ರದರ್ಶನದ ದಿನ ಟಿವಿಯ ಮುಂದೆ ಸಾಲು ಹತ್ತಿತು. ಹೆಚ್ಚಿನವರು ಮೂರನ್ನೇ ಒತ್ತಿದರು. ಕೂಸನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಕೂಸಿನ ಬೆರಳಿನಿಂದಲೇ ಒತ್ತಿಸಿದಳು. ಬಾಗಿಲು ತೆರೆದಾಗಲೆಲ್ಲ ಚಪ್ಪಾಳೆ ಬೀಳುತ್ತಿತ್ತು. ಗೆಳೆಯ ಮರಾಠಿಯಲ್ಲಿ ಎಲ್ಲರಿಗೂ ವಿವರಿಸುತ್ತಿದ್ದ. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಆಡಿದವರ ಲೆಕ್ಕಕ್ಕೆ ಒಬ್ಬೊಬ್ಬರಿಗೆ ಒಂದೊಂದು ಗೆರೆ ಎಳೆಯುತ್ತಿದ್ದೆ.

ಅಂದು ಊರಲ್ಲಿ ಮಗ್ಗಗಳಿಗೆ ರಜೆ. ಇಲ್ಲಿ ಆಡಿದವರು ನಲವತ್ತಮೂರು ಮಂದಿ. ನಲವತ್ತಮೂರು ಮಂದಿಯ ಕೈಯಲ್ಲೂ ಆ ಮನುಷ್ಯ ಗುಣವಾದ.